ಗಾಲಿಯ ಮೇಲೊಂದು ಮಂಚ

ಉಲ್ಲಾಳವೆಂದೊಡನೆ ರಾಣಿ ಅಬ್ಬಕ್ಕನನ್ನೂ ಕಡಲನ್ನೂ ನೆನೆಯುವ ಓದುಗರು ಈ ಸಲ ದಯವಿಟ್ಟು ದಿಕ್ಕು ಬದಲಿಸಬೇಕು. ಇಲ್ಲಿನ ಮಾತು ಬೆಂಗಳೂರಿನ ಪಶ್ಚಿಮದಂಚಿನ, ಜ್ಞಾನಭಾರತಿಯ ಮಗ್ಗುಲಿನ ಉಲ್ಲಾಳದ್ದು. ಇಲ್ಲಿ ಕಡಲಿಲ್ಲ, ಒಂದು ಕೆರೆಯಿದೆ. ಒಂದು ಕಾಲಕ್ಕೆ ಹಳ್ಳಿಯಾಗಿದ್ದ ನೆಲದ ಮೇಲೆ ಈಗ ಮನೆಗೆ ಮನೆ ಒತ್ತಿಕೊಂಡು ನಿಂತಿವೆ. ಆದರೂ ಈ ಬಡಾವಣೆಗೆ ಒಂದು ಸೌಭಾಗ್ಯವುಂಟು. ದಕ್ಷಿಣಕ್ಕೆ ಹೊರಟರೆ ಮೈಸೂರು ರಸ್ತೆ, ಉತ್ತರಕ್ಕೆ ಹೊರಟರೆ ಮಾಗಡಿ ರಸ್ತೆ. ಶನಿವಾರ ನಸುಕಿನಲ್ಲಿ ಮನೆ ಬಿಟ್ಟವರಿಗೆ ದೊಡ್ಡ ಆಲದ ಮರ, ಮಂಚನಬೆಲೆ, ಸಾವನದುರ್ಗಗಳು ಬಿಸಿಲೇರುವ ಮುನ್ನವೇ ಸಿಕ್ಕುತ್ತವೆ. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾದ ಮೇಲೆ ಶ್ರೀರಂಗಪಟ್ಟಣ, ಮೇಲುಕೋಟೆಗಳೂ ಹತ್ತಿರ ಸರಿದಂತಾಗಿವೆ. ಹೀಗಿರುವಾಗ ಶನಿವಾರ ಹೊರಟು ಭಾನುವಾರ ಮರಳುವ ಆಸೆ ಅಲ್ಲಿನ ಸಂಸಾರವಂದಿಗರಲ್ಲಿ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನು?

ಇಂತಹ ಒಂದು ಮನೆ. ಹೆಸರು ಬೇಡ; ಬೀದಿಗೆ ಎರಡಾದರೂ ಸಿಕ್ಕೀತು, ಓದುಗರು ತಮಗೆ ಪರಿಚಯವಿರುವ ಯಾವ ಸಂಸಾರವನ್ನಾದರೂ ಅಲ್ಲಿ ಕೂಡಿಸಿಕೊಳ್ಳಬಹುದು. ಯಜಮಾನರು ಬ್ಯಾಂಕಿನ ನೌಕರಿಯವರು. ಗೃಹಿಣಿ ಶಾಲೆಯ ಉಪಾಧ್ಯಾಯಿನಿ. ಮಗ ಒಂಬತ್ತನೆಯ ತರಗತಿ, ಮಗಳು ಮೂರನೆಯದು. ಇವರೆಲ್ಲರ ಮೇಲೆ ಎಪ್ಪತ್ತನಾಲ್ಕು ವರ್ಷದ ಅಜ್ಜಿ, ಯಜಮಾನರ ತಾಯಿ. ಹತ್ತು ವರ್ಷ ಕಟ್ಟಿದ ಠೇವಣಿಯೊಂದು ಕೈಗೆ ಬಂದಿತ್ತು: ಆರು ಲಕ್ಷ. ಇನ್ನು ಮೂರು ವರ್ಷಕ್ಕೆ ಮಗ ಕಾಲೇಜಿನ ಖರ್ಚಿನ ವಯಸ್ಸಿಗೆ ಬರುತ್ತಾನೆ; ಅಜ್ಜಿಯ ಮೊಣಕಾಲು ದಿನದಿನಕ್ಕೆ ಬಿಗಿಯುತ್ತಿದೆ. ಎಲ್ಲರೂ ಒಟ್ಟಿಗೆ ಹೊರಟು ನಾಲ್ಕು ಊರು ನೋಡುವುದಿದ್ದರೆ ಈ ಮೂರು ವರ್ಷವೇ ಸರಿ. ಹಣ ತಪ್ಪು ಗಾಡಿಗೆ ಹೋದರೆ ಎರಡನೆಯ ಸಲ ಕೂಡುವಂಥದಲ್ಲ.

ಆಸೆಯ ಬೀಜ ಬಿದ್ದದ್ದು ಮಗನ ಕೈಯ ಫೋನಿನಿಂದ. ವ್ಯಾನಿನೊಳಗೆ ಮಂಚ, ಒಲೆ, ನಲ್ಲಿ. ಹಿಂಬಾಗಿಲು ತೆರೆದರೆ ಬೆಟ್ಟ. ಹುಡುಗ ತಂದೆಗೆ ತೋರಿಸಿದ. ತಂದೆ ಮೂರು ರಾತ್ರಿ ನಿದ್ದೆಗೆಟ್ಟು ನೋಡಿದರು. ನಾಲ್ಕನೆಯ ದಿನ ಬೆಳಗಿನ ಕಾಫಿಯ ಹೊತ್ತಿಗೆ, “ಒಂದು ಹಳೆಯ ಕ್ಯಾಂಪರ್ ವ್ಯಾನ್ ತೆಗೆದುಕೊಂಡರೆ ಹೇಗೆ?” ಎಂದರು. ಗೃಹಿಣಿ ಲೋಟವನ್ನು ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: “ನಿಲ್ಲಿಸುವುದೆಲ್ಲಿ?” ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ದಿನಗಳ ಮೇಲೆ.

ಅಜ್ಜಿಗೆ ಮಾತ್ರ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಆಕೆಯ ಬಾಲ್ಯದಲ್ಲಿ ಜಾತ್ರೆಗೆ ಹೊರಟರೆಂದರೆ ಎತ್ತಿನ ಗಾಡಿಗೆ ಬಿದಿರಿನ ಕಮಾನು ಕಟ್ಟಿ, ಕೆಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ. ಗಾಡಿಯೊಳಗೆ ಹೆಂಗಸರು ಮಕ್ಕಳು, ಗಾಡಿಯ ಕೆಳಗೆ ಗಂಡಸರು, ಪಕ್ಕದಲ್ಲಿ ಮೂರು ಕಲ್ಲಿನ ಒಲೆ. ಎತ್ತಿನ ಬದಲು ಎಂಜಿನ್ನು ಬಂದಿತು, ಅಷ್ಟೆ.

ಎಂಜಿನ್ನಿನ ಗಾಡಿಯಲ್ಲಿ ಈ ಏರ್ಪಾಡು ಮಧ್ಯಮ ವರ್ಗದವರ ಕೈಗೆ ಎಟುಕಿದ ಕಥೆಯಲ್ಲಿ ಜರ್ಮನಿಗೊಂದು ಸ್ಥಾನವುಂಟು. ಫೋಕ್ಸ್‌ವ್ಯಾಗನ್ ಕಾರ್ಖಾನೆ 1950ರಲ್ಲಿ ಪೆಟ್ಟಿಗೆಯಾಕಾರದ ಒಂದು ವ್ಯಾನನ್ನು ಹೊರತಂದಿತು. ಮರುವರ್ಷವೇ ವೆಸ್ಟ್‌ಫಾಲಿಯ ಎಂಬ ಸಂಸ್ಥೆ ಅದರೊಳಗೆ ಇಡಲು ‘ಕ್ಯಾಂಪಿಂಗ್ ಪೆಟ್ಟಿಗೆ’ ಎಂಬುದನ್ನು ಮಾಡಿತು. ಅದರ ಸೊಗಸು ಇದು: ವಾರದ ದಿನಗಳಲ್ಲಿ ಪೆಟ್ಟಿಗೆಯನ್ನು ಹೊರತೆಗೆದಿಟ್ಟರೆ ಅದು ಸಾಮಾನು ಸಾಗಿಸುವ ವ್ಯಾನು, ಬಿಡುವಿನ ದಿನ ಒಳಗಿಟ್ಟರೆ ಮಲಗುವ ಕೋಣೆ. ಪೆಟ್ಟಿಗೆ ವ್ಯಾನಿನ ಅಂಗವಾಗಿರಲಿಲ್ಲ, ಅದರೊಳಗಿನ ಸಾಮಾನಾಗಿತ್ತು. ಓದುಗರು ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈ ದೇಶದಲ್ಲಿ ಸಾಮಾನ್ಯ ಸಂಸಾರಕ್ಕೆಂದೇ ಕಟ್ಟಿದ ಕ್ಯಾಂಪರ್ ವ್ಯಾನು ಹಳೆಯ ಗಾಡಿಗಳ ಪೇಟೆಯಲ್ಲಿ ಅಪರೂಪ. ಆದ್ದರಿಂದ ಹುಡುಕುವವರ ಕಣ್ಣು ಬೀಳುವುದು ಜನರನ್ನು ಸಾಗಿಸುವ ವ್ಯಾನುಗಳ ಮೇಲೆಯೇ. 1987ರಲ್ಲಿ ಬಜಾಜ್ ಟೆಂಪೋ ಕಂಪನಿ ಹೊರತಂದ, ಮದುವೆ ದಿಬ್ಬಣಗಳಿಂದ ಎಲ್ಲರಿಗೂ ಪರಿಚಯವಾಗಿರುವ ಟೆಂಪೋ ಟ್ರಾವೆಲರ್. 2007ರಲ್ಲಿ ಬಂದ ಟಾಟಾ ವಿಂಗರ್. 2010ರಲ್ಲಿ ಬಂದ ಮಾರುತಿ ಈಕೋ. 1984ರಿಂದ ಓಡಾಡಿದ ಮಾರುತಿ ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು; ಹಳೆಯವು ಇನ್ನೂ ಸಿಕ್ಕುತ್ತವೆ, ಆದರೆ ಐವರ ಸಂಸಾರಕ್ಕೆ ಅದು ಹಗಲು ಪ್ರಯಾಣಕ್ಕೇ ಇಕ್ಕಟ್ಟು.

ಯಜಮಾನರ ಮನಸ್ಸು ಮೊದಲ ನೋಟಕ್ಕೇ ಟ್ರಾವೆಲರಿನ ಮೇಲೆ ನಿಂತಿತು. ಮೈಸೂರು ರಸ್ತೆಯ ಬದಿಯ ಒಂದು ಗ್ಯಾರೇಜಿನಲ್ಲಿ ಈಗಾಗಲೇ ಮನೆ ಮಾಡಿಟ್ಟ ಗಾಡಿಯೊಂದು ಮಾರಾಟಕ್ಕಿದೆಯೆಂದು ದಲ್ಲಾಳಿ ತಿಳಿಸಿದ. ಭಾನುವಾರ ಸಂಸಾರವೆಲ್ಲ ಹೊರಟಿತು. ಜೊತೆಗೆ ಅವರದೇ ಬೀದಿಯ ಗ್ಯಾರೇಜಿನ ಮೇಸ್ತ್ರಿ.

ಒಳಗೆ ಹೋದರೆ ಸಣ್ಣದೊಂದು ಲಾಡ್ಜಿನ ಕೋಣೆ. ಗೋಡೆಗೆ ಒರಗಿದ ಮೆತ್ತನೆಯ ಸೋಫಾ, ಎಳೆದರೆ ಅದೇ ಮಂಚ. ತೊಟ್ಟಿ, ನಲ್ಲಿ, ಎರಡು ಉರಿಯ ಒಲೆ, ಅದರ ಕೆಳಗೆ ಅನಿಲದ ಸಿಲಿಂಡರು. ಗೋಡೆಯ ಮೇಲೆ ಟಿ.ವಿ. ಛಾವಣಿಯ ಸುತ್ತ ನೀಲಿ ದೀಪಗಳ ಸಾಲು. ಹುಡುಗ ಸೋಫಾದ ಮೇಲೆ ಬಿದ್ದು ಹೊರಳಿದ. ಯಜಮಾನರು ನೀಲಿ ದೀಪದ ಸ್ವಿಚ್ಚನ್ನು ಎರಡು ಸಲ ಒತ್ತಿ ನೋಡಿದರು.

ಮೇಸ್ತ್ರಿ ಒಳಗೆ ಕಾಲಿಡಲಿಲ್ಲ. “ಆರ್.ಸಿ. ತೋರಿಸಿ,” ಎಂದ.

ಆರ್.ಸಿ.ಯಲ್ಲಿ ಆ ಗಾಡಿ ‘ಮ್ಯಾಕ್ಸಿ ಕ್ಯಾಬ್’. ಹನ್ನೆರಡು ಪ್ರಯಾಣಿಕರು, ಒಬ್ಬ ಚಾಲಕ. ಗಾಡಿಯಲ್ಲಿ ಇದ್ದದ್ದು ಚಾಲಕನ ಸಾಲಿನ ಆಸನ ಮತ್ತು ಒಂದು ಸೋಫಾ. ಉಳಿದ ಆಸನಗಳೆಲ್ಲಿ? ತೆಗೆದು ಗುಜರಿಗೆ ಹಾಕಿಯಾಗಿತ್ತು. ನಂಬರಿನ ಫಲಕ ಹಳದಿ. ತೊಟ್ಟಿಯಾಗಲಿ, ಒಲೆಯಾಗಲಿ, ಮಂಚವಾಗಲಿ ಸರ್ಕಾರದ ದಾಖಲೆಯಲ್ಲಿ ಎಲ್ಲಿಯೂ ಇಲ್ಲ.

ಹಳೆಯ ಗಾಡಿ ಕೊಳ್ಳುವವರು ಸಾಮಾನ್ಯವಾಗಿ ಎಡವುವ ಕಲ್ಲು ಇದೇ ಆದ್ದರಿಂದ ಇಲ್ಲಿ ಕೊಂಚ ನಿಲ್ಲಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುವ ಮಾತು ಸರಳವಾದುದು: ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾಲೀಕನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಒಂದೊಂದಕ್ಕೂ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ದಂಡವನ್ನು ಹೇಗೋ ಕಟ್ಟಿ ಪಾರಾಗಬಹುದೆಂದು ಭಾವಿಸುವ ಧೀರರಿಗೆ ವಿಮೆಯ ಪ್ರಶ್ನೆ ಬೇರೆಯೇ ಇದೆ. ಆರ್.ಸಿ.ಯಲ್ಲಿ ಒಂದು, ರಸ್ತೆಯಲ್ಲಿ ಇನ್ನೊಂದು ಆಗಿರುವ ಗಾಡಿಗೆ ಅಪಘಾತವಾದರೆ ಪರಿಹಾರದ ಅರ್ಜಿ ಮೊದಲ ಮೇಜಿನಲ್ಲಿಯೇ ತಕರಾರಿಗೆ ಸಿಕ್ಕಿಕೊಳ್ಳುತ್ತದೆ.

ಹಾಗೆಂದು ಕಾನೂನು ಕ್ಯಾಂಪರ್ ವ್ಯಾನಿನ ವೈರಿಯಲ್ಲ. ಕ್ಯಾರವಾನ್‌ಗಳಿಗೆಂದೇ ಎ.ಐ.ಎಸ್. 124 ಎಂಬ ಮಾನಕ ಉಂಟು; ಅದರಂತೆ ಕಟ್ಟಿ ಪರೀಕ್ಷೆಗೊಳಗಾಗಿ ಒಪ್ಪಿಗೆ ಪಡೆದ ಗಾಡಿಯ ಆರ್.ಸಿ.ಯಲ್ಲಿ ವಾಹನದ ವರ್ಗವೇ ‘ಮೋಟಾರ್ ಕ್ಯಾರವಾನ್’ ಅಥವಾ ‘ಕ್ಯಾಂಪರ್ ವ್ಯಾನ್’ ಎಂದಿರುತ್ತದೆ. ಅಂಥದು ಸಿಕ್ಕಿದರೆ ಕಣ್ಣಿಗೊತ್ತಿಕೊಳ್ಳಬೇಕು. ಬೆಲೆ ಮಾತ್ರ ಬ್ಯಾಂಕಿನ ನೌಕರನ ಠೇವಣಿಯನ್ನು ನೋಡಿ ನಗುತ್ತದೆ.

ಮೇಸ್ತ್ರಿಯ ಆಕ್ಷೇಪ ಕಾನೂನಿನದಷ್ಟೇ ಆಗಿರಲಿಲ್ಲ. ಆತ ಬಗ್ಗಿ ಹಿಂದಿನ ಸ್ಪ್ರಿಂಗು ಪಟ್ಟಿಗಳನ್ನು ತೋರಿಸಿದ: ಎಡಗಡೆ ಕುಸಿದಿತ್ತು. ನೂರು ಲೀಟರ್ ನೀರೆಂದರೆ ನೂರು ಕಿಲೋ. ಅದರ ಜೊತೆಗೆ ಪ್ಲೈವುಡ್ಡು, ತೊಟ್ಟಿ, ಬ್ಯಾಟರಿ, ಎಲ್ಲವೂ ಒಂದೇ ಮಗ್ಗುಲಿಗೆ. ತಿರುವಿನಲ್ಲಿ ಆ ಭಾರ ಗಾಡಿಯನ್ನು ಯಾವ ಕಡೆಗೆ ಎಳೆದೀತೆಂಬುದನ್ನು ವಿವರಿಸಬೇಕಾಗಿಲ್ಲ. ಸೋಫಾಕ್ಕೆ ಬೆಲ್ಟು ಇರಲಿಲ್ಲ. ರಾತ್ರಿ ಮಂಚವಾಗುವ ವಸ್ತು ಹಗಲು ಮಕ್ಕಳ ಆಸನವೂ ಆಗಬೇಕಷ್ಟೆ? ಅಡ್ಡಲಾಗಿ ಕುಳಿತ ಮಗುವನ್ನು ಗಟ್ಟಿ ಬ್ರೇಕೊಂದು ಎತ್ತಿ ಮುಂದಕ್ಕೆ ಎಸೆಯುತ್ತದೆ. ಇನ್ನು ಒಲೆ. ಬಾಗಿಲು ಮುಚ್ಚಿದ ಗಾಡಿಯೊಳಗೆ ಅನಿಲವಾಗಲಿ ಇದ್ದಲಾಗಲಿ ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ ಹುಟ್ಟುವ ಅಪಾಯವುಂಟು, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ನೀಲಿ ದೀಪ ಹಾಕಿದವನು ಗಾಳಿಗೆ ಒಂದು ಕಿಂಡಿ ಬಿಟ್ಟಿರಲಿಲ್ಲ.

ಇಷ್ಟು ಮಾತು ನಡೆಯುವಾಗ ಅಜ್ಜಿ ಬಾಗಿಲ ಬಳಿ ನಿಂತಿದ್ದರು. “ಒಳಗೆ ಬಾಮ್ಮ, ನೋಡು,” ಎಂದರು ಮಗ. ಆಕೆ ಕಂಬಿ ಹಿಡಿದು ಒಂದು ಕಾಲನ್ನು ಮೆಟ್ಟಿಲಿಗೆ ಎತ್ತಿದರು. ಮೆಟ್ಟಿಲು ಮೊಣಕಾಲಿನ ಎತ್ತರಕ್ಕಿತ್ತು. ಕಾಲು ಮತ್ತೆ ಕೆಳಗಿಳಿಯಿತು. “ನನಗೇಕಪ್ಪ ಇದೆಲ್ಲ? ನೀವು ಹೋಗಿಬನ್ನಿ. ನಾನು ಮನೆ ನೋಡಿಕೊಂಡಿರುತ್ತೇನೆ.”

ಆ ಮಾತು ಮನೆಯಲ್ಲಿ ಹೊಸದಲ್ಲ. ನಾಲ್ಕೈದು ವರ್ಷಗಳಿಂದ ಎಲ್ಲಿಗೆ ಕರೆದರೂ ಅದೇ ಉತ್ತರ. ಮೊಣಕಾಲಿನ ನೋವೆಂದು ಮಗ ತಿಳಿದಿದ್ದರು, ವಯಸ್ಸಿನ ಬೇಸರವೆಂದು ಮೊಮ್ಮಕ್ಕಳು. ನಿಜ ಬಲ್ಲವಳು ಸೊಸೆ. ಆ ರಾತ್ರಿ, ಮಕ್ಕಳು ಮಲಗಿದ ಮೇಲೆ, ಆಕೆ ಗಂಡನಿಗೆ ಹೇಳಿದಳು: ಕಡೆಯ ಸಲ ಬಸ್ಸಿನಲ್ಲಿ ಮೇಲುಕೋಟೆಗೆ ಹೋದಾಗ ಅತ್ತೆ ಹಿಂದಿನ ರಾತ್ರಿಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ದಾರಿಯಲ್ಲಿ ಬಸ್ಸು ನಿಂತ ಕಡೆ ಶೌಚಾಲಯ ಹೊಲಸಾಗಿತ್ತು. ಕುಕ್ಕುರು ಕೂರಲು ಮೊಣಕಾಲು ಬಾಗುವುದಿಲ್ಲ. ಮಗನ ಮುಂದೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕತ್ತಲೆ ಬಂದು ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರು. “ಬಿಸಿಲು” ಎಂದು ಎಲ್ಲರಿಗೂ ಹೇಳಿದ್ದಾಯಿತು. ಅಂದಿನಿಂದ ಪ್ರಯಾಣವೆಂದರೆ “ನೀವು ಹೋಗಿಬನ್ನಿ.”

ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಟಿ.ವಿ., ನೀಲಿ ದೀಪ, ಎರಡು ಉರಿಯ ಒಲೆ, ಇವೆಲ್ಲ ಆ ರಾತ್ರಿಯೇ ಪಟ್ಟಿಯಿಂದ ಬಿದ್ದುಹೋದವು. ಉಳಿದದ್ದು ಮೂರು: ತಗ್ಗಾದ ಮೆಟ್ಟಿಲು, ಮುದುಕಿಯೊಬ್ಬಳು ಕಾಲು ಚಾಚಿ ಮಲಗುವಷ್ಟು ಜಾಗ, ಪರದೆಯ ಮರೆಯಲ್ಲಿ ಕುರ್ಚಿಯ ಎತ್ತರದ ಒಂದು ಶೌಚಪೀಠ. ಮೂರನೆಯದಕ್ಕೆ ಗಾಡಿಯನ್ನು ಕೊರೆಯುವುದೂ ಬೇಡ, ಒಡೆಯುವುದೂ ಬೇಡ. ಎತ್ತಿ ಒಯ್ಯುವ ಶೌಚಪೆಟ್ಟಿಗೆಗಳು ಬಂದಿವೆ. ಮೇಲೆ ನೀರಿನ ಭಾಗ, ಕೆಳಗೆ ಬಿಗಿಯಾದ ಮುಚ್ಚಳದ ಸಂಗ್ರಹ. ಮನೆಗೆ ಬಂದು ಮನೆಯ ಶೌಚಾಲಯದಲ್ಲಿ ಬರಿದುಮಾಡಿ ತೊಳೆದರಾಯಿತು. ಮಾತಾಡಲು ಸಂಕೋಚಪಡುವ ವಿಷಯವೆಂದು ಓದುಗರಲ್ಲಿ ಕೆಲವರು ಮುಖ ಸಿಂಡರಿಸಿಯಾರು. ಆದರೆ ಎಷ್ಟು ಮನೆಗಳ ಹಿರಿಯ ಹೆಂಗಸರು ಈ ಒಂದೇ ಕಾರಣಕ್ಕೆ ಬಾಗಿಲು ದಾಟುವುದನ್ನು ಬಿಟ್ಟಿದ್ದಾರೆಂಬುದನ್ನು ಅವರು ತಮ್ಮ ಮನೆಯಲ್ಲಿಯೇ ಒಮ್ಮೆ ಕೇಳಿ ನೋಡಬಹುದು.

ಹುಡುಕಾಟ ಮತ್ತೆ ಮೊದಲಿನಿಂದ ಆರಂಭವಾಯಿತು. ಈ ಸಲ ಅಜ್ಜಿಯ ಮೊಣಕಾಲೇ ಅಳತೆಗೋಲು. ಈಕೋವನ್ನು ಮೇಸ್ತ್ರಿ ಸೂಚಿಸಿದ. ಪೆಟ್ರೋಲು ಗಾಡಿ, ಉದ್ದ ಹನ್ನೆರಡು ಅಡಿಯ ಆಸುಪಾಸು, ರಿಪೇರಿ ಎಲ್ಲಿಯೂ ಆಗುತ್ತದೆ, ಬಿಳಿ ಫಲಕದವೇ ಬೇಕಾದಷ್ಟು. ಎಂಜಿನ್ನು ಮುಂದಿನ ಆಸನದ ಕೆಳಗೆ ಇರುವುದರಿಂದ ದೂರದ ದಾರಿಯಲ್ಲಿ ಬಿಸಿ ತಟ್ಟುತ್ತದೆ. ಹಳೆಯ ಮಾದರಿ 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಒಂದು ನಕ್ಷತ್ರವನ್ನೂ ಪಡೆಯಲಿಲ್ಲ. ಚಾಲಕನ ಗಾಳಿಚೀಲವೂ ಎ.ಬಿ.ಎಸ್. ಬ್ರೇಕೂ ಅದಕ್ಕೆ ಬಂದದ್ದು 2019ರಲ್ಲಿ. ಆದ್ದರಿಂದ ಈಕೋ ಕೊಳ್ಳುವವರು ಆ ವರ್ಷಕ್ಕಿಂತ ಹಿಂದಿನದನ್ನು ನೋಡದಿರುವುದು ಲೇಸು. ಗಂಡ, ಹೆಂಡತಿ, ಒಂದು ಮಗುವಿನ ಸಂಸಾರಕ್ಕೆ ಅದು ಜಾಣತನದ ಆಯ್ಕೆಯೇ. ಇಲ್ಲಿ ಐವರು, ಮೇಲೆ ಪರದೆಯ ಮರೆಯೊಂದು ಬೇಕು. ಅಜ್ಜಿ ಹತ್ತಿ ಕುಳಿತದ್ದೇನೋ ಸರಿ, ಕಾಲು ಚಾಚಲು ಆಗಲಿಲ್ಲ.

ಕಡೆಗೆ ಕಣ್ಣಿಗೆ ಬಿದ್ದದ್ದು ಒಂದು ವಿಂಗರ್. ಕಂಪನಿಯೊಂದು ತನ್ನ ನೌಕರರನ್ನು ಕರೆತರಲು ಇಟ್ಟುಕೊಂಡಿದ್ದ, ಎತ್ತರದ ಛಾವಣಿಯ ಗಾಡಿ. ವಿಂಗರಿನ ಒಂದು ಗುಣ ಈ ಸಂಸಾರಕ್ಕೆ ಹೇಳಿ ಮಾಡಿಸಿದಂತಿತ್ತು. ಅದರ ಎಂಜಿನ್ನು ಮುಂದಿನ ಗಾಲಿಗಳನ್ನು ಎಳೆಯುತ್ತದೆ. ಹಿಂಗಾಲಿಗಳಿಗೆ ಶಕ್ತಿ ಒಯ್ಯುವ ಉದ್ದನೆಯ ದಂಡ ಅಡಿಯಲ್ಲಿ ಇಲ್ಲದ್ದರಿಂದ ನೆಲ ತಗ್ಗು. ಅಜ್ಜಿ ಸೊಸೆಯ ಕೈ ಹಿಡಿದು, ಮನೆಯಿಂದ ತಂದಿದ್ದ ಮರದ ಮಣೆಯ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕಾಲನ್ನು ಒಳಗಿಟ್ಟರು. ಹಿಂದಿನ ಗೋಡೆಗೆ ಅಡ್ಡಲಾಗಿ ಒಂದೇ ಉದ್ದನೆಯ ಆಸನ. ಮೊಮ್ಮಗಳು ಇಂಚುಪಟ್ಟಿ ಹಿಡಿದಳು: ಐದೂವರೆ ಅಡಿ. ಅಜ್ಜಿಯ ಎತ್ತರ ಐದು. ದಲ್ಲಾಳಿ ನಿಬ್ಬೆರಗಾಗಿ ನೋಡುತ್ತಿರಲು ಆಕೆ ಅಲ್ಲಿಯೇ ಮಲಗಿ, ಕಾಲು ಚಾಚಿ, “ಹುಂ” ಎಂದರು.

ಆ “ಹುಂ” ಕೇಳಿ ಯಜಮಾನರು ಮುಂಗಡದ ಹಣಕ್ಕೆ ಜೇಬಿಗೆ ಕೈ ಹಾಕಿದರು. ಮೇಸ್ತ್ರಿ ಆ ಕೈಯನ್ನು ಹಾಗೆಯೇ ಹಿಡಿದ. “ಸಾರ್, ಬೆಳಿಗ್ಗೆ ಬರೋಣ. ಎಂಜಿನ್ ತಣ್ಣಗಿರಬೇಕು.”

ಬಿಸಿ ಎಂಜಿನ್ನು ತನ್ನ ರೋಗವನ್ನು ಮುಚ್ಚಿಡುತ್ತದೆ. ಮರುದಿನ ಬೆಳಿಗ್ಗೆ ಆರಕ್ಕೆ ಹೋಗಿ ಬಾನೆಟ್ಟು ಮುಟ್ಟಿ ನೋಡಿ, ಆಮೇಲೆ ಸ್ಟಾರ್ಟು ಮಾಡಿಸಿದರು. ಹೊಗೆ ನೀಲಿಯಾಗಿದ್ದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ. ಗಾಡಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆಲ್ಲೋ ನೀರು ಸೇರುತ್ತಿರಬಹುದು. ಈ ಗಾಡಿ ಮೊದಲು ಕೊಂಚ ಕಪ್ಪು ಉಗುಳಿ ಸುಮ್ಮನಾಯಿತು. ಆಮೇಲೆ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿದು ಕೆಳಗೆ ಮಲಗಿದ. ಟ್ರಾವೆಲರಿಗೆ ಬೇರೆಯಾದ ಚಾಸಿ ಇದೆ. ವಿಂಗರಿನಲ್ಲಿ ದೇಹವೇ ಚಾಸಿ. ಅಂದರೆ ತುಕ್ಕು ಹಿಡಿದ ತಗಡು ಇಲ್ಲಿ ಅಂದದ ಮಾತಲ್ಲ, ಎಲುಬಿನ ಮಾತು. ಬಾಗಿಲ ಕೆಳಗಿನ ಅಂಚು, ಗಾಲಿಯ ಮೇಲಿನ ಕಮಾನು, ಮ್ಯಾಟಿನ ಕೆಳಗಿನ ನೆಲ, ಎಲ್ಲವನ್ನೂ ತಟ್ಟಿ ನೋಡಿದ. ಎಡಬಾಗಿಲ ಕೆಳಗೆ ‘ಟಣ್’ ಎನ್ನಬೇಕಾದಲ್ಲಿ ‘ದಪ್’ ಎಂದಿತು: ಪುಟ್ಟಿ ತುಂಬಿ ಬಣ್ಣ ಬಳಿದಿದ್ದರು. ಅಂಗೈಯಷ್ಟು ಜಾಗ, ಕೊಯ್ದು ಹೊಸ ತಗಡು ಬೆಸೆಯಿಸಬಹುದು. ಬೆಲೆಯಲ್ಲಿ ಇಳಿಸಲು ಒಂದು ಕಾರಣ ಸಿಕ್ಕಿತು.

ಟಯರು ಹೊಳೆಯುತ್ತಿತ್ತು. ಟಯರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಮುಂದಿನೆರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಹೊಳಪಿಗೆ ಮರುಳಾಗದೆ ಅದನ್ನು ಓದಬೇಕು. ಓದಿದರೆ ನಾಲ್ಕರಲ್ಲಿ ಮೂರು ಹಳೆಯವು. ಸ್ಟೆಪ್ನಿಯಂತೂ ಗಾಡಿಯ ಜೊತೆಗೇ ಹುಟ್ಟಿದ್ದು. ಕಡೆಯದಾಗಿ ಮಳೆಯ ಪರೀಕ್ಷೆ: ಕಿಟಕಿ ಬಾಗಿಲು ಮುಚ್ಚಿ ಒಬ್ಬರು ಒಳಗೆ ಕುಳಿತು, ಇನ್ನೊಬ್ಬರು ಛಾವಣಿಯ ಮೇಲೆ ಪೈಪಿನಲ್ಲಿ ಹತ್ತು ನಿಮಿಷ ನೀರು ಬಿಡುವುದು. ಒಳಗೆ ಕುಳಿತ ಹುಡುಗ ಬಲಗಡೆಯ ಕಿಟಕಿಯ ಮೂಲೆಯಲ್ಲಿ ಹನಿ ಕಂಡುಹಿಡಿದು, ಏನೋ ಸಾಧಿಸಿದವನಂತೆ ಕೂಗಿದ.

ಓಡಿಸಿ ನೋಡುವಾಗ ಮೇಸ್ತ್ರಿ ಯಜಮಾನರೊಬ್ಬರನ್ನೇ ಬಿಡಲಿಲ್ಲ. ಐವರನ್ನೂ ಹತ್ತಿಸಿ ಮಾಗಡಿ ರಸ್ತೆಯ ಏರುತಗ್ಗಿನಲ್ಲಿ ಓಡಿಸಿದ. ಖಾಲಿ ವ್ಯಾನು ಯಾವುದಾದರೂ ಏರನ್ನು ಹತ್ತುತ್ತದೆ. ಯಜಮಾನರಿಗೆ ಇದ್ದದ್ದು ಕಾರಿನ ಲೈಸೆನ್ಸು. ಅದು ಸಾಲದೆಂದು ದಲ್ಲಾಳಿ ಹೆದರಿಸಿ ತನ್ನ ಪರಿಚಯದವರಿಂದ ಹೊಸದನ್ನು ಮಾಡಿಸಿಕೊಡುವೆನೆಂದ. 7,500 ಕಿಲೋ ಮೀರದ ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲಿಯೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ವಿಂಗರಿನ ಭಾರ ಅದರ ಹತ್ತಿರಕ್ಕೂ ಬಾರದು.

ಆಮೇಲೆ ಕಾಗದಪತ್ರ. ಹಳದಿ ಫಲಕದ ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕು, ಬಿಳಿ ಫಲಕದ್ದಕ್ಕೆ ಹದಿನೈದು ವರ್ಷದವರೆಗೆ ನೋಂದಣಿ, ತರುವಾಯ ಐದೈದು ವರ್ಷಕ್ಕೆ ನವೀಕರಣ. ಕಂಪನಿಯ ಹೆಸರಿನಲ್ಲಿರುವ ‘ಖಾಸಗಿ ಸೇವಾ ವಾಹನ’ ವ್ಯಕ್ತಿಯೊಬ್ಬನ ಹೆಸರಿಗೆ ಬಂದು, ಸ್ವಂತ ಉಪಯೋಗಕ್ಕೆ ಮಾತ್ರವೆಂದು ಆತ ಘೋಷಿಸಿದರೆ, ಅದು ಸಾರಿಗೆಯೇತರ ವಾಹನದ ವರ್ಗಕ್ಕೆ ಸೇರಬಹುದೆಂದು ಕೇಂದ್ರ ಸರ್ಕಾರದ 2004ರ ನವೆಂಬರಿನ ಅಧಿಸೂಚನೆಯಲ್ಲಿದೆ. ಹಾಗೆ ಬದಲಾಗಬೇಕಾದರೆ ಪರ್ಮಿಟ್ಟನ್ನು ಒಪ್ಪಿಸಬೇಕು, ತೆರಿಗೆಯ ವ್ಯತ್ಯಾಸವನ್ನು ಕಟ್ಟಬೇಕು. ಈ ತೆರಿಗೆಯನ್ನು ಗಾಡಿಯ ಬೆಲೆಗೆ ಸೇರಿಸಿಯೇ ಚೌಕಾಸಿಗೆ ಕೂರಬೇಕು. ಯಜಮಾನರು ಒಂದು ದಿನ ರಜೆ ಹಾಕಿ ಜ್ಞಾನಭಾರತಿಯ ಸಾರಿಗೆ ಕಚೇರಿಗೆ, ಅಂದರೆ ಕೆಎ 41ರ ಮೂಲಸ್ಥಾನಕ್ಕೆ, ತಾವೇ ಹೋಗಿ ಲೆಕ್ಕ ಹಾಕಿಸಿ ಬಂದರು. ದಲ್ಲಾಳಿ ಹೇಳಿದ ಅಂಕಿಗೂ ಕಚೇರಿಯ ಅಂಕಿಗೂ ಸಂಬಂಧವಿರಲಿಲ್ಲ. ಬ್ಯಾಂಕಿನವರಿಗೆ ಕಾಗದವೆಂದರೆ ಭಯವಿಲ್ಲ: ಆರ್.ಸಿ.ಯ ಚಾಸಿ ನಂಬರನ್ನು ಲೋಹದ ಮೇಲೆ ಕೊರೆದ ನಂಬರಿನೊಂದಿಗೆ ಅಕ್ಷರಕ್ಷರ ಹೋಲಿಸಿದರು. ಹಳೆಯ ಸಾಲ ತೀರಿದೆಯೆಂಬುದಕ್ಕೆ 35ನೆಯ ನಮೂನೆ ಕೇಳಿದರು. ಗಾಡಿಯ ಮೇಲೆ ಬಾಕಿಯಿದ್ದ ಸಂಚಾರಿ ದಂಡಗಳನ್ನು ಮಾರುವವನೇ ಕಟ್ಟಬೇಕೆಂದು ಪಟ್ಟು ಹಿಡಿದರು. ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾದ ದಿನವೇ ಹಣ. ವಿಮೆಯ ಹೆಸರು ಬದಲಾವಣೆಗೆ ಹದಿನಾಲ್ಕು ದಿನದೊಳಗೆ ಅರ್ಜಿ ಕೊಡಬೇಕೆಂಬುದನ್ನೂ, ಹಳೆಯ ಮಾಲೀಕನ ‘ನೋ ಕ್ಲೇಮ್ ಬೋನಸ್’ ತಮಗೆ ಬರುವುದಿಲ್ಲವೆಂಬುದನ್ನೂ ಅವರು ಮೊದಲೇ ಬಲ್ಲರು.

ಇದರ ನಡುವೆ ಪ್ರಲೋಭನೆಯೊಂದು ಬಂದಿತ್ತು. ದೆಹಲಿಯ ನೋಂದಣಿಯ ಟ್ರಾವೆಲರು, ಬೆಲೆ ಕಾಲುಭಾಗ ಕಡಿಮೆ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲೆ 2015ರಲ್ಲಿ ಹಸಿರು ನ್ಯಾಯಮಂಡಳಿ ಹಾಕಿದ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಅಲ್ಲಿ ಬೆಲೆ ಬಿದ್ದ ಗಾಡಿಗಳಿಗೆ ದಕ್ಷಿಣದಲ್ಲಿ ಗಿರಾಕಿ ಹುಡುಕುವವರುಂಟು. ಆದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ, ಹೊಸ ನಂಬರು, ಎಲ್ಲ ಕೂಡಿಸಿದರೆ ಅಗ್ಗವೆಂಬುದು ಕರಗಿಹೋಗುತ್ತದೆ. ಒಮ್ಮೆ ಮೋಹಗೊಂಡಿದ್ದ ಯಜಮಾನರು ಆ ಸಂದೇಶವನ್ನು ಅಳಿಸಿಹಾಕಿದರು.

ವಿಂಗರು ಮನೆಗೆ ಬಂದಿತು. ಆಸನ ಒಂದನ್ನೂ ಕಳಚಲಿಲ್ಲ, ಗೋಡೆಗೊಂದು ಮೊಳೆ ಹೊಡೆಯಲಿಲ್ಲ. ಬಡಗಿಯೊಬ್ಬನು ಎರಡು ಹಗುರವಾದ ಮರದ ಪೆಟ್ಟಿಗೆ ಮಾಡಿಕೊಟ್ಟ. ಹಿಂದಿನ ಆಸನದ ಮುಂದೆ ಜೋಡಿಸಿಟ್ಟರೆ ಮಂಚ ಅಗಲವಾಗಿ ಅಜ್ಜಿಯ ಮಗ್ಗುಲಿಗೆ ಮೊಮ್ಮಗಳು ಮಲಗಬಹುದು. ಒಂದರೊಳಗೆ ಹಾಸಿಗೆ ಬಟ್ಟೆ, ಇನ್ನೊಂದರೊಳಗೆ ಪಾತ್ರೆ. ಗಾಡಿ ಓಡುವಾಗ ಅವು ಪಟ್ಟಿ ಬಿಗಿದ ಸಾಮಾನು, ನಿಂತಾಗ ಮಂಚ. ಎಪ್ಪತ್ತು ವರ್ಷದ ಹಿಂದಿನ ಜರ್ಮನರ ಉಪಾಯವೇ. ಉಳಿದ ಮೂವರಿಗೆ ಹೊರಗೊಂದು ಡೇರೆ. ಡೇರೆಯೆಂದರೆ ಹುಡುಗನಿಗೆ ವ್ಯಾನಿಗಿಂತ ಹೆಚ್ಚು.

ವಿದ್ಯುತ್ತಿನ ಲೆಕ್ಕವೂ ಸಣ್ಣದೇ. ಗಾಡಿಯ ಬ್ಯಾಟರಿಯನ್ನು ಮುಟ್ಟದೆ ಬೇರೊಂದು ಹನ್ನೆರಡು ವೋಲ್ಟಿನ ನೂರು ಆಂಪಿಯರ್-ಗಂಟೆಯ ಬ್ಯಾಟರಿ. ಅದರಲ್ಲಿ 1,200 ವಾಟ್-ಗಂಟೆ; ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಹೀರಿದರೆ ಬೇಗ ಸಾಯುತ್ತದೆ, ಆದ್ದರಿಂದ ಕೈಗೆ ಬರುವುದು 600. ಇಪ್ಪತ್ತು ವಾಟಿನ ಫ್ಯಾನು ರಾತ್ರಿಯೆಲ್ಲ ತಿರುಗಿದರೆ 160, ದೀಪಕ್ಕೂ ಫೋನುಗಳಿಗೂ ಒಂದು ನೂರು. ಎರಡು ರಾತ್ರಿ ಕಳೆಯುತ್ತದೆ. ಸಾವಿರ ವಾಟಿನ ಎ.ಸಿ. ಬೇಕೆನ್ನುವವರಿಗೆ ಇಷ್ಟು ಬ್ಯಾಟರಿ ಒಂದು ಗಂಟೆಗೂ ಸಾಲದು. ಅಡಿಗೆಯ ಪ್ರಶ್ನೆಯನ್ನು ಗೃಹಿಣಿ ಎರಡು ಮಾತಿನಲ್ಲಿ ಮುಗಿಸಿದಳು: ಪುಳಿಯೋಗರೆ, ಚಪಾತಿ ಮನೆಯಿಂದ, ಬಿಸಿಯಾಗಬೇಕಾದದ್ದು ಕಾಫಿ ಮತ್ತು ಅತ್ತೆಯ ಗಂಜಿ ಮಾತ್ರ, ಅದು ಗಾಡಿಯಿಂದ ಹತ್ತು ಹೆಜ್ಜೆ ಆಚೆ, ಬಯಲಿನಲ್ಲಿ.

ರಾತ್ರಿ ತಂಗುವ ಜಾಗ ಮಾತ್ರ ಫೋನಿನಲ್ಲಿ ಕಂಡಷ್ಟು ಸುಲಭವಲ್ಲ. ಕಾಡಿನೊಳಗೆ, ಅಣೆಕಟ್ಟಿನ ಬಳಿ ಮನಸ್ಸಿಗೆ ಬಂದಲ್ಲಿ ನಿಲ್ಲುವಂತಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಖಾಸಗಿ ಗಾಡಿಗಳ ಸಂಚಾರವನ್ನೇ 2009ರಲ್ಲಿ ತಡೆಹಿಡಿದಿದ್ದಾರೆ. ತೋಟದವರನ್ನೋ ವಸತಿಗೃಹದವರನ್ನೋ ಮೊದಲೇ ಕೇಳಿ, ಕೊಡಬೇಕಾದದ್ದನ್ನು ಕೊಟ್ಟು ಅವರ ಆವರಣದಲ್ಲಿ ನಿಲ್ಲಿಸುವುದೇ ಸಂಸಾರಸ್ಥರಿಗೆ ತಕ್ಕ ದಾರಿ.

ಇನ್ನು ಗೃಹಿಣಿಯ ಮೊದಲ ಪ್ರಶ್ನೆ, ನಿಲ್ಲಿಸುವುದೆಲ್ಲಿ? ಗೇಟಿನ ಅಗಲ ಒಂಬತ್ತು ಅಡಿ, ಅದು ಸಾಕು. ಅಂಗಳದ ಉದ್ದ ಸಾಲಲಿಲ್ಲ. ವ್ಯಾನಿನ ಮೂತಿ ಗೇಟಿನಿಂದ ಒಂದಡಿ ಹೊರಕ್ಕೆ, ಸರಿಯಾಗಿ ರಂಗೋಲಿ ಹಾಕುವ ಜಾಗಕ್ಕೆ, ಬಂದು ನಿಂತಿತು. ಎರಡು ದಿನ ಮನೆಯಲ್ಲಿ ಮಾತು ಬಿಗಿಯಾಗಿತ್ತು. ಮೂರನೆಯ ದಿನ ತುಳಸಿಕಟ್ಟೆಯ ಪಕ್ಕದ ಹೂಕುಂಡಗಳು ಮಹಡಿಗೆ ಏರಿದವು, ವ್ಯಾನು ಹಿಂದಕ್ಕೆ ಸರಿಯಿತು, ರಂಗೋಲಿ ಉಳಿಯಿತು.

ಶನಿವಾರ ಬೆಳಿಗ್ಗೆ ಐದೂವರೆಗೆ ಮೇಲುಕೋಟೆಗೆಂದು ಹೊರಟರು. ಕೆಂಗೇರಿ ದಾಟುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹಿಂದಿನ ಆಸನದಲ್ಲಿ ಬೆಲ್ಟು ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ ಅಜ್ಜಿ ಸೊಸೆಯ ಕಡೆ ತಿರುಗಿ, “ಆ ನೀರಿನ ಬಾಟಲಿ ಇಲ್ಲಿ ಕೊಡಮ್ಮ,” ಎಂದರು. ಅರ್ಧ ಕುಡಿದು, ಕೊಂಚ ಸುಧಾರಿಸಿಕೊಂಡು, ಉಳಿದರ್ಧವನ್ನೂ ಕುಡಿದರು.